ಜಾರೋದು

ಬೂರುಲ್‌ಗೆ ಅವತ್ತು ಮೈಯೆಲ್ಲ ಉರಿದುಹೋಗಿತ್ತು. ಊರಿನ ಕೊಳಚೆ ನೀರು ಶುದ್ಧಮಾಡುವ ಸ್ಥಾವರ ಅವಳ ಸುಪರ್ದಿಯಲ್ಲಿತ್ತು. ಅಲ್ಲಿನ ದೊಡ್ಡ ತೊಟ್ಟಿಯ ಮೇಲೆ ಕುರಿಯ ಕೊಬ್ಬು ಕೆನೆಗಟ್ಟುತ್ತಿತ್ತು. ಕೊಳೆ ತಿಂದು ನೀರು ತಿಳಿಮಾಡುವ, ಕಣ್ಣಿಗೆ ಕಾಣದ ಜೀವಿಗಳು ಅದರಡಿ ಉಸಿರುಕಟ್ಟಿ ಸಾಯುತ್ತವೆ. ಅವು ಸತ್ತರೆ ಊರಿನ ಹೊಲಸೆಲ್ಲ ಇದ್ದ ಹಾಗೇ ಹೊಳೆಗೆ. ಹೊಳೆಯ ಕೆಳಗಿನ ತಿರುವಿನಲ್ಲಿ ಅವಳ ತವರು. ಅಲ್ಲಿ ಕುದುರೆ, ಕುರಿ ಕುಡಿಯುವುದೂ ಮಕ್ಕಳು ಈಜುವುದೂ ಅದೇ ನೀರಿನಲ್ಲಿ. ಹಿಂದೊಮ್ಮೆ ಹೀಗಾದಾಗ ಸತ್ತ ಮೀನುಗಳು ತೇಲಿಹೋಗಿದ್ದವು. "ನಿಮ್ಮೂರಿನ ಉಡುಗೊರೆ ತಲುಪಿತು ಕಣೆ," ಎಂದು ತಾಯಿ ಫೋನಿನಲ್ಲಿ ಹೇಳಿದ್ದು ಇನ್ನೂ ಚುಚ್ಚುತ್ತಿತ್ತು.

"ಎಲ್ಲಿಂದ ಬಂತು ಅಂತ ನನ್ನ ಕೇಳ್ಬೇಡಿ," ಎಂದ ಜೊತೆಗಾರ ಸಾಗಿನ್, ಜಾಲರಿಯಿಂದ ಬಿಳಿ ಗಡ್ಡೆಗಳನ್ನು ಎತ್ತುತ್ತಾ. "ಮೇಲೆ ಹೊಳೆದಂಡೇಲಿ ನಿಮ್ಮ ಮಾವನೋರ ಹರಕೆ ನಡೀತಿದೆ."

ವಸಂತ ಬಂತೆಂದರೆ ಕೇರಿಯವರೆಲ್ಲ ಹೊಳೆದಂಡೆಯಲ್ಲಿ ಕುರಿ ಕಡಿದು ಹಂಡೆಗಳಲ್ಲಿ ಬೇಯಿಸಿ, ನೀರು ಚೆನ್ನಾಗಿರಲಪ್ಪಾ ಎಂದು ಬೇಡಿಕೊಳ್ಳುತ್ತಾರೆ. ಅದಕ್ಕೇ ಬೂರುಲ್ ಬೆಳಗ್ಗೆಯೇ ಹೋಗಿ ಎಚ್ಚರಿಸಿ ಬಂದಿದ್ದಳು. ಆದರೆ ಹೇಗೆ? ಕಿರ್ಗಿಜ್ ಮಾತಿನಲ್ಲಿ ಕೊಬ್ಬಿಗೆ 'ಮಾಯ್' ಎನ್ನುತ್ತಾರೆ. ಅವಳ ಮಾವನ ಹೆಸರು ಮಾಯ್ಲಿಬಾಯ್. ಸೊಸೆಯಾದವಳು ಮಾವನ ಹೆಸರನ್ನಾಗಲಿ, ಅದರ ಒಂದು ತುಣುಕನ್ನಾಗಲಿ ಬಾಯಿಗೆ ತರುವಂತಿಲ್ಲ. ಹಾಗಾಗಿ, "ಜಾರೋದನ್ನ ಮಾತ್ರ ಮೋರಿಗೆ ಸುರೀಬೇಡಿ," ಎಂದು ಹೆಂಗಸರಿಗೆಲ್ಲ ಅಂಗಲಾಚಿ ಬಂದಿದ್ದಳು.

ಈಗ ಹೊಳೆದಂಡೆಗೆ ಗಾಡಿ ಓಡಿಸಿಕೊಂಡು ಬಂದು ನೋಡಿದರೆ, ಅಡುಗೆಯ ಉಸ್ತುವಾರಿ ಕಾಲಿಪಾ ಸಾರು ಉಳಿದಿದ್ದ ಹಂಡೆಯೊಂದನ್ನು ಮ್ಯಾನ್‌ಹೋಲಿನ ಬಾಯಿಗೆ ಎಳೆದುಕೊಂಡು ಬರುತ್ತಿದ್ದಳು.

"ಕಾಲಿಪಕ್ಕ, ಬೆಳಗ್ಗೆ ಏನ್ ಹೇಳಿದ್ದೆ ನಾನು?"

"ನೀನು ಹೇಳಿದ ಹಾಗೇ ಮಾಡಿದೀವಲ್ಲ. ಸೋಪು ಮುಟ್ಟಿಲ್ಲ. ಖಾಲಿಯಾದ ಹಂಡೆಗಳನ್ನ ಬೂದಿ ಹಾಕಿ, ಕೈ ಸವೆಯೋ ಹಾಗೆ ತಿಕ್ಕಿದೀವಿ."

"ಸೋಪಲ್ಲ ಅಕ್ಕ."

"ಜಾರೋದು ಅಂದ್ರೆ ಸೋಪಲ್ದೆ ಇನ್ನೇನು? ಹೊಳೆಗೂ ಒಂದು ತೊಟ್ಟು ಬಿಟ್ಟಿಲ್ಲ. ಹೊಳೆಗೆ ಉಗಿದ್ರೂ ಪಾಪ ಅಂತ ನಿನ್ನ ಮಾವನೇ ಈ ಮುಚ್ಚಳ ತೆಗೆಸಿದ್ದು."

ಹೊಳೆಗೆ ಉಗಿಯುವುದು ಪಾಪವಂತೆ. ಹೊಳೆಗೇ ಸೇರುವ ಕೊಳವೆಗೆ ಹಂಡೆಗಟ್ಟಲೆ ಸುರಿಯುವುದು ಪುಣ್ಯ. ಇಂಥವರಿಗೆ ಬುದ್ಧಿ ಹೇಳುವುದಕ್ಕಿಂತ ಹೊಳೆಗೆ ಹಾರುವುದು ಮೇಲು ಎನಿಸಿತು ಬೂರುಲ್‌ಗೆ.

"ಇದು ಅಕ್ಕ, ಮೇಲೆ ತೇಲ್ತಿದೆಯಲ್ಲ, ಇದು."

"ಈರುಳ್ಳಿನಾ?" ಎನ್ನುತ್ತಾ ಕಾಲಿಪಾ ಹಂಡೆ ಬಗ್ಗಿಸಿದಳು.

"ಮಾಯ್," ಎಂದಳು ಬೂರುಲ್. "ಮಾಯ್ ಕಣಕ್ಕ, ಮಾಯ್. ಮಾಯ್ ಸುರೀಬೇಡಿ."

ಹಂಡೆ ಅರ್ಧಕ್ಕೇ ನಿಂತಿತು. ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಡೇರೆಯ ಬಾಗಿಲಲ್ಲಿ ಮಾವ ನಿಂತಿದ್ದರು. ಭೂಮಿ ಬಾಯ್ಬಿಡಬಾರದೇ ಎನಿಸಿದರೂ ಬೂರುಲ್‌ಳ ಸಿಟ್ಟು ನಾಚಿಕೆಗಿಂತ ದೊಡ್ಡದಾಗಿತ್ತು. ಅವಳು ತಲೆ ತಗ್ಗಿಸಲಿಲ್ಲ.

"ಬೆಳಗ್ಗೆನೇ ಬಿಡಿಸಿ ಹೇಳಬಾರದಿತ್ತೇನಮ್ಮ?" ಎಂದರು ಮಾಯ್ಲಿಬಾಯ್.

"ಹೇಳಿದ್ದೆ ಮಾವ. ನಿಮ್ಮ ಹೆಸರು ಬಿಟ್ಟು ಹೇಳಿದ್ದೆ. ಈಗ ಅದು ನಮ್ಮಮ್ಮನ ಮನೆ ನೀರಿಗೆ ಹೋಗ್ತಿದೆ."

ಮುದುಕರು ಹೊಳೆ ಹರಿಯುವ ದಿಕ್ಕನ್ನೇ ನೋಡುತ್ತಾ ನಿಂತರು. ಆಮೇಲೆ ಮ್ಯಾನ್‌ಹೋಲಿನ ಮುಚ್ಚಳ ಹಾಕಿಸಿ, ಬಿಳಿ ಉಣ್ಣೆಯ ಟೋಪಿ ಸರಿಮಾಡಿಕೊಂಡು, ಮುಚ್ಚಳದ ಮೇಲೇ ಕುಕ್ಕರಿಸಿದರು.

"ಸೊಸೆ ಹೇಳಿದ್ದು ಕೇಳಿದ್ರಲ್ಲ. ಮಾಯ್ಲಿಬಾಯ್ ಈ ತೂತಿಗೆ ಇಳಿಯಲ್ಲ. ಉಳಿದ ಹಂಡೆ ಆರಲಿ, ಗಟ್ಟಿಯಾದ್ಮೇಲೆ ಕೆರೆದು ಮನೆಗೆ ತಗೊಂಡು ಹೋಗಿ. ಆಗ್ಲೇ ಸುರಿದವರು ಸೌಟು ಹಿಡ್ಕೊಂಡು ಇವಳ ಜೊತೆ ನಡೀರಿ."

ಸುರಿದವಳು ಕಾಲಿಪಾ. ಗೊಣಗುತ್ತಲೇ ಸ್ಥಾವರಕ್ಕೆ ಬಂದು, ಮೂಗಿಗೆ ಸೆರಗಿನಂತೆ ತಲೆವಸ್ತ್ರ ಸುತ್ತಿಕೊಂಡು, ಸಾಗಿನ್ ಪಕ್ಕ ನಿಂತು ಕೆನೆ ಬಾಚಿದಳು. ಸಂಜೆಯ ಹೊತ್ತಿಗೆ ತೊಟ್ಟಿಯಲ್ಲಿ ಮತ್ತೆ ಗಾಳಿಯ ಗುಳ್ಳೆಗಳು ಎದ್ದವು, ಅಡಿಯ ಜೀವಿಗಳಿಗೆ ಉಸಿರು ಸಿಕ್ಕಿತು. ಬೂರುಲ್ ಆಗ ಉಸಿರುಬಿಟ್ಟಳು.

ಕಾಲಿಪಾ ಸೌಟು ಕೆಳಗಿಟ್ಟು ಸೊಂಟ ಹಿಡಿದುಕೊಂಡು ಅಲ್ಲೇ ಕೂತಳು.

"ನಿನ್ನ ಗಂಡನ ಮನೇಲಿ ಇನ್ನೂ ಯಾರ್ಯಾರಿಗೆ ಏನೇನ್ ಹೆಸರಿದೆ, ಈಗ್ಲೇ ಹೇಳಿಬಿಡಮ್ಮ," ಎಂದಳು.