ಗಾರ್ತ್ ಹೊಡೆದ ಗೋಲು

ಕೆನಡಾದ ಥಂಡರ್ ಬೇ ಊರಿನಲ್ಲಿ ಐವತ್ತು ದಾಟಿದ ಗಂಡಸರಿಗೆ ಬುದ್ಧಿ ಹೇಳುವವರು ಯಾರೂ ಇಲ್ಲ. ಇದ್ದಿದ್ದರೆ ಜನವರಿಯ ಭಾನುವಾರ ಬೆಳಿಗ್ಗೆ, ಮೂಗಿನ ಕೂದಲೂ ಹೆಪ್ಪುಗಟ್ಟುವ ಚಳಿಯಲ್ಲಿ, ಈ ವಕೀಲರು, ಮೇಷ್ಟ್ರುಗಳು, ಡಾಕ್ಟರುಗಳೆಲ್ಲ ಬೆಚ್ಚಗಿನ ಹಾಸಿಗೆ ಬಿಟ್ಟು, ಸ್ಕೇಟು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಬೀಳಲು ಹೋಗುತ್ತಿರಲಿಲ್ಲ. ಲಾರ್ನ್ ಹಾಪಲಾ ಇಪ್ಪತ್ತೆರಡು ವರ್ಷದಿಂದ ಹೀಗೆ ಹೋಗುತ್ತಿದ್ದ. ವಾರವೆಲ್ಲ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು, ಭಾನುವಾರ ಐಸ್ ಹಾಕಿ ತಂಡದ ಗೋಲ್‌ಕೀಪರ್. ಎರಡು ಕಡೆಯೂ ಸುಮ್ಮನೆ ನಿಂತು ನೋಡುವುದೇ ಇವನ ಕಸುಬು ಎಂದು ಗೆಳೆಯರು ಕಾಲೆಳೆಯುತ್ತಿದ್ದರು.

ಕಾಲೆಳೆಯುವವರಲ್ಲಿ ಮೊದಲಿಗ ಗಾರ್ತ್ ವೊಯ್ಚುಕ್. ಅದೇ ಆಸ್ಪತ್ರೆಯ ಸರ್ಜನ್, ಅದೇ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದವನು. ಲಾರ್ನನ ಹೆಂಡತಿ ತೀರಿಕೊಂಡ ವರ್ಷ ಆರು ತಿಂಗಳು, ಪ್ರತಿ ಬುಧವಾರ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸಿ ತಂದು, ಎದುರು ಕೂತು ತಿನ್ನಿಸಿ ಹೋದವನು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಂಥ ಮಾತು ಬರುವ ಬಾಯಲ್ಲ ಅದು.

ಆ ಭಾನುವಾರ ಮೊದಲ ಪಾಳಿಯಲ್ಲಿ ಗಾರ್ತ್ ಚೆನ್ನಾಗಿಯೇ ಆಡಿದ. ಮೂವರನ್ನು ದಾಟಿ ಒಂದು ಗೋಲೂ ಹೊಡೆದ. ಪಾಳಿ ಮುಗಿದ ಮೇಲೆ ಎರಡೂ ತಂಡ ಕಡೆ ಬದಲಿಸಬೇಕು, ಬದಲಿಸಿದರು. ಎರಡನೇ ಪಾಳಿ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಗಾರ್ತ್ ತನ್ನದೇ ತಂಡದ ರೂಡಿಯ ಸ್ಟಿಕ್ಕಿನಿಂದ ಪಕ್ ಎಂಬ ರಬ್ಬರ್ ಬಿಲ್ಲೆ ಕಿತ್ತುಕೊಂಡು ನೇರ ಲಾರ್ನನ ಕಡೆ ಬಂದ. ಬಲೆಯ ಹಿಂದೆ ಸುತ್ತಿ ಆಟ ತಿರುಗಿಸುತ್ತಾನೆ ಎಂದು ಲಾರ್ನ್ ಕಾಲು ಸಡಿಲ ಬಿಟ್ಟು ನಿಂತಿದ್ದ. ಪಕ್ ಅವನ ಎಡ ಭುಜದ ಮೇಲಿಂದ ಹಾದು ಬಲೆಗೆ ಬಿತ್ತು. ಗಾರ್ತ್ ಎರಡೂ ಕೈ ಎತ್ತಿ ಕುಣಿದ. ಲಾರ್ನನ ಮುಖವಾಡದ ಹತ್ತಿರ ಬಗ್ಗಿ, "ಮನೆಗೆ ಹೋಗಿ ಮಲ್ಕೊಳಪ್ಪಾ" ಎಂದ. ಎದುರು ತಂಡದವರಿಗೆ ಹೇಳುವ ಮಾತು ಅದು.

ರಿಂಕಿಗೆ ರಿಂಕೇ ಬಿದ್ದು ಬಿದ್ದು ನಕ್ಕಿತು. ಸ್ವಂತ ಬಲೆಗೆ ಹೊಡೆದವನು ಮುಂದಿನ ವಾರ ಎಲ್ಲರಿಗೂ ಗುಲಾಬಿ ಐಸಿಂಗಿನ ಪರ್ಷಿಯನ್ ಬನ್ನು ತರಬೇಕೆಂಬುದು ಅಲ್ಲಿನ ಕಟ್ಟಳೆ. ಆಟ ಸೋತು ಬಟ್ಟೆ ಬದಲಿಸುವ ಕೋಣೆಗೆ ಬಂದಾಗಲೂ ಅದೇ ಗಲಾಟೆ. ಎರಡು ಡಜನ್ ತರಿಸಬೇಕು, ಪೆಟ್ಟಿಗೆಯ ಮೇಲೆ ಇವನ ಹೆಸರು ಬರೆಸಬೇಕು ಎಂದು ರೂಡಿ ಕೂಗಾಡುತ್ತಿದ್ದ. ಗಾರ್ತ್ ಕೂಡ ನಗುತ್ತಿದ್ದ, ಆದರೆ ಅಕ್ಕಪಕ್ಕದವರ ಮುಖ ನೋಡಿ ನೋಡಿ, ಅವರು ನಕ್ಕ ಮೇಲೆ. ಲಾರ್ನ್ ಅದನ್ನು ಗಮನಿಸಿದ. ಗುರುವಾರ ಆಪರೇಷನ್ ನಡುವೆ ಈ ಮನುಷ್ಯ ಕೈಯಲ್ಲಿ ಹಿಡಿದ ಇಕ್ಕಳವನ್ನೇ ಮತ್ತೆ ಕೊಡಿ ಎಂದು ನರ್ಸನ್ನು ಕೇಳಿದ್ದ. ಆಗ ಲಾರ್ನ್ ಕೇಳಿಸದವನಂತೆ ಇದ್ದುಬಿಟ್ಟಿದ್ದ. ಎಂಥ ಹೇಡಿತನ!

ಡಿಸೆಂಬರಿನಿಂದ ಗಾರ್ತ್ ಲಾರ್ನನ ಕಾರಿನಲ್ಲೇ ಬರುತ್ತಿದ್ದ. ಚಳಿಗೆ ತನ್ನ ಬ್ಯಾಟರಿ ಕೈಕೊಟ್ಟಿದೆ ಎಂದು ಹೇಳಿದ್ದ. ತಿಂಗಳು ದಾಟಿದರೂ ಕೈಕೊಟ್ಟೇ ಇರುವ ಬ್ಯಾಟರಿ ಯಾವುದಪ್ಪಾ ಎಂದು ಲಾರ್ನ್ ಕೇಳಿರಲಿಲ್ಲ. ಈಗ ಕಾರಿನೊಳಗೆ ಕೂತು, ಗಾಜಿನ ಮೇಲಿನ ಹಿಮ ಕರಗುವುದನ್ನು ಕಾಯುತ್ತ ಕೇಳಿದ.

"ಅದು ತಮಾಷೆಗೆ ಹೊಡೆದಿದ್ದಲ್ಲ, ಅಲ್ವಾ?"

ಗಾರ್ತ್ ಕೈಗವಸು ಕಳಚಿ ತೊಡೆಯ ಮೇಲಿಟ್ಟುಕೊಂಡ. "ಅಲ್ಲ ಕಣೋ," ಎಂದ.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ನೆನಪು ಕೈಕೊಡುತ್ತಿದೆಯೆಂದು ನವೆಂಬರಿನಲ್ಲೇ ಅವನಿಗೆ ಗೊತ್ತಾಗಿತ್ತು. ಆಸ್ಪತ್ರೆಯಿಂದ ಮನೆಗೆ ಹೊರಟವನು ಸರೋವರದ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಎಡಕ್ಕೋ ಬಲಕ್ಕೋ ತಿಳಿಯದೆ ಒಂದು ಗಂಟೆ ಕೂತಿದ್ದನಂತೆ. ಹೆಂಡತಿ ಐರಿಸ್‌ಗೂ ಹೇಳಿರಲಿಲ್ಲ. ಆದರೆ ಆಪರೇಷನ್ ಟೇಬಲ್ಲಿನ ಮುಂದೆ ನಿಂತರೆ ಎಲ್ಲ ಸರಿಹೋಗುತ್ತದೆ, ತಲೆ ಮರೆತರೂ ಕೈ ಮರೆಯುವುದಿಲ್ಲ ಎಂದು ವಾದಿಸಿದ.

"ಅಲ್ಲಿ ನೀನಿರ್ತೀಯಲ್ಲ ಲಾರ್ನ್. ಎಡವಟ್ಟಾದ್ರೆ ನೀನು ಹೇಳ್ತೀಯ ಅನ್ನೋ ಧೈರ್ಯ ನಂಗೆ."

"ನಾನು ಬಾಯಿ ತೆಗೆಯೋಷ್ಟರಲ್ಲಿ ನಿನ್ನ ಕೈ ಓಡಿರುತ್ತಲ್ಲೋ."

"ಮೇ ತಿಂಗಳವರೆಗೆ ಬಿಟ್ಬಿಡು. ಮೇನಲ್ಲಿ ನಾನೇ ರಿಟೈರ್ ಆಗ್ತೀನಿ. ಕೇಕು ಕಟ್ ಮಾಡಿಸ್ಕೊಂಡು ಮರ್ಯಾದೆಯಾಗಿ ಹೋಗ್ತೀನಿ. ನಾಲ್ಕೇ ತಿಂಗಳು ಮಾರಾಯ."

ನಾಲ್ಕು ತಿಂಗಳು ಕೇಳುತ್ತಿರುವವನು ಪೆರೋಗಿ ತಂದವನು. ಇವನಿಗೆ ಇಲ್ಲ ಅನ್ನುವುದು ಹೇಗೆ? ಏನಾದರೂ ದಾರಿ ಸಿಕ್ಕೀತು ಎಂದು ಲಾರ್ನ್ ನಾಳೆ ಬೆಳಿಗ್ಗೆಯ ಆಪರೇಷನ್ ಯಾರದೆಂದು ಕೇಳಿದ. ಗಾರ್ತ್ ತಡವರಿಸಲೇ ಇಲ್ಲ. ಸಿಲ್ಲನ್‌ಪಾ ಅಜ್ಜಿ, ಎಪ್ಪತ್ತೊಂದು ವರ್ಷ, ದೊಡ್ಡ ಕರುಳಿನಲ್ಲಿ ಗೆಡ್ಡೆ, ಪೆನಿಸಿಲಿನ್ ಆಗಿಬರುವುದಿಲ್ಲ, ಎಡಗಿವಿ ಮಂದ, ಮೊಮ್ಮಗಳ ಮದುವೆ ಮಾರ್ಚಿನಲ್ಲಿ. ಅಷ್ಟೂ ಸರಿ. ಒಂದು ಕ್ಷಣ ಲಾರ್ನನಿಗೆ ಎದೆಯ ಭಾರ ಇಳಿದಂತಾಯಿತು. ಮರುಕ್ಷಣವೇ, ಮೊದಲ ಪಾಳಿಯಲ್ಲಿ ಇವನು ಗೋಲನ್ನೂ ಸರಿಯಾದ ಬಲೆಗೇ ಹೊಡೆದಿದ್ದನಲ್ಲ ಎಂಬುದು ಹೊಳೆಯಿತು. ಅಜ್ಜಿಯ ಹೊಟ್ಟೆ ತೆರೆದ ಮೇಲೆ ಎರಡನೇ ಪಾಳಿ ಯಾವ ನಿಮಿಷಕ್ಕೆ ಶುರುವಾಗುತ್ತದೆಂದು ಯಾರು ಬಲ್ಲರು?

"ಮೋರಾಗೆ ಫೋನ್ ಮಾಡು. ಇವತ್ತೇ, ಈಗಲೇ. ನೀನು ಮಾಡ್ದೆ ಇದ್ರೆ ನಾನು ಮಾಡ್ತೀನಿ," ಎಂದ. ಮೋರಾ ಅವರಿಬ್ಬರ ವಿಭಾಗದ ಮುಖ್ಯಸ್ಥೆ.

ಗಾರ್ತ್ ಕೈಗವಸು ಮತ್ತೆ ತೊಟ್ಟುಕೊಂಡ. ಬೈಯುತ್ತಾನೆ, ಬಾಗಿಲು ಬಡಿದು ಇಳಿದು ಹೋಗುತ್ತಾನೆ ಎಂದು ಲಾರ್ನ್ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೀನೇ ಮಾಡು," ಎಂದ ಗಾರ್ತ್. "ನನ್ನ ಬಾಯಲ್ಲಿ ಬರಲ್ಲ."

ಲಾರ್ನ್ ಮಾಡಿದ. ಪಕ್ಕದಲ್ಲಿ ಗೆಳೆಯನನ್ನು ಕೂರಿಸಿಕೊಂಡು, ಗುರುವಾರದ ಇಕ್ಕಳದ ಕಥೆಯನ್ನೂ ಇವತ್ತಿನದನ್ನೂ ಬಿಡದೆ ಹೇಳಿದ. ಇಷ್ಟು ದಿನ ತಾನು ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದ. ಮಾತಿನ ಮಧ್ಯೆ ಗಾರ್ತ್ ಒಮ್ಮೆ ಮಾತ್ರ, ಅಜ್ಜಿಯ ಆಪರೇಷನ್ ಮುಂದಕ್ಕೆ ಹಾಕುವುದು ಬೇಡ, ಬೇರೆಯವರು ಮಾಡಲಿ, ಮದುವೆ ಹತ್ತಿರ ಇದೆ ಎಂದು ಪಿಸುಗುಟ್ಟಿದ. ಲಾರ್ನ್ ಅದನ್ನೂ ತಿಳಿಸಿ ಫೋನ್ ಇಟ್ಟ. ಗಾರ್ತನ ಮೂವತ್ತನಾಲ್ಕು ವರ್ಷದ ಡಾಕ್ಟರಿಕೆ ಹನ್ನೊಂದು ನಿಮಿಷದಲ್ಲಿ ಮುಗಿದುಹೋಯಿತು.

ಗಾಜಿನ ಹಿಮ ಪೂರ್ತಿ ಕರಗಿತ್ತು. ಆದರೂ ಲಾರ್ನ್ ಗಾಡಿ ಹೊರಡಿಸಲಿಲ್ಲ.

"ಭಾನುವಾರ ಆದ್ರೂ ಬರಬಹುದಾ?" ಗಾರ್ತ್ ಕೇಳಿದ. ಶಾಲೆಯಲ್ಲಿ ರಜೆ ಕೇಳುವ ಹುಡುಗನ ದನಿ ಅದು.

"ಬಾರೋ. ನಿನ್ನನ್ನ ಬಿಟ್ಟು ನಾವೇನು ಆಡ್ತೀವಿ?" ಲಾರ್ನ್ ಹೇಗೋ ನಕ್ಕ. "ಯಾವ ಕಡೆ ಅಂತ ತಲೆ ಕೆಡಿಸ್ಕೋಬೇಡ. ನಾನು ಎಲ್ಲಿ ನಿಂತಿರ್ತೀನೋ ಆ ಕಡೆ ಹೊಡೀಬೇಡ, ಅಷ್ಟೆ."

ಗಾರ್ತ್ ಅವನ ಕಡೆ ತಿರುಗಿದ. ಕಣ್ಣು ತುಂಬಿತ್ತು.

"ನವೆಂಬರಿಂದ ಹಾಗೇ ಆಡ್ತಿರೋದು ಲಾರ್ನ್. ಕಡೆ ಗೊತ್ತಾಗ್ದೆ ಇದ್ರೆ ನಿನ್ನನ್ನ ಹುಡುಕ್ತಿದ್ದೆ. ಇವತ್ತೂ ಹುಡುಕ್ದೆ. ನೀನು ಎದುರಿಗೇ ಇದ್ದೆ, ಯಾರು ಅಂತ ಗೊತ್ತಾಗ್ಲಿಲ್ಲ."