ಈಗಾಗಲೇ ಇರುವವರು

ಇಲಾಖೆಯಲ್ಲಿ ಅವಳಿಗೆ 'ಅಲ್ಪವಿರಾಮ' ಎಂದು ಅಡ್ಡಹೆಸರು. ಕಾನೂನಿನ ಕರಡು ಬರೆಯುವುದು ಅವಳ ಕೆಲಸ. ಒಂದು ಅಲ್ಪವಿರಾಮ ತಪ್ಪಿದ ಜಾಗದಲ್ಲಿದೆ ಎನ್ನಿಸಿದರೆ ಮೇಲಧಿಕಾರಿಯ ಕೋಣೆಗೇ ನುಗ್ಗಿ ಜಗಳ ಕಾಯುತ್ತಿದ್ದಳು. ಹಿಂದಿನಿಂದ ನಗುತ್ತಿದ್ದವರೂ ಎದುರಿಗೆ ಸಿಕ್ಕಾಗ ಸ್ವಲ್ಪ ಹೆದರುತ್ತಿದ್ದರು.

ಹಾಗಾಗಿ ಹೊರದೇಶದವರ ಕೆಲಸದ ಪರವಾನಗಿಗೆ ಹೊಸ ಕಾನೂನು ಬರುತ್ತದೆಂದಾಗ ಕರಡು ಅವಳ ಮೇಜಿಗೇ ಬಂತು. ಹೊರಗಿನಿಂದ ಬಂದವರು ಒಬ್ಬ ಮಾಲೀಕನಿಗೇ ಅಂಟಿಕೊಂಡಿರಬೇಕಾಗಿಲ್ಲ, ಕೈಯಲ್ಲಿ ಕಸುಬಿದ್ದರೆ ತಾವೇ ಉದ್ಯಮ ಶುರು ಮಾಡಬಹುದು, ನಾಲ್ಕು ಜನಕ್ಕೆ ಕೆಲಸ ಕೊಡಬಹುದು. ಸಾರಾಂಶ ಇಷ್ಟೇ. ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡ ಊರುಗಳು ಆ ಕಾರ್ಖಾನೆಯ ಜೊತೆಗೇ ಮುಳುಗುವುದು ತಪ್ಪಲಿ ಎಂಬುದು ಸರ್ಕಾರದ ಲೆಕ್ಕಾಚಾರ. ಅಂಥ ಒಂದು ಊರು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಇದ್ದದ್ದೇ ಅಲ್ಲಿ, ಅಮ್ಮ ಮತ್ತು ಅತ್ತಿಗೆಯ ಜೊತೆ. ಕಚೇರಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದಳು.

ಅತ್ತಿಗೆ ಹೊರದೇಶದವಳು. ಶೈತ್ಯಾಗಾರದ ಬಾಗಿಲುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅಣ್ಣನ ಜೊತೆ ಕೆಲಸ ಮಾಡುತ್ತ ಮದುವೆಯಾದವಳು. ಅವಳು ನಮ್ಮ ಭಾಷೆ ಕಲಿತದ್ದು ಅಮ್ಮನಿಂದ, ಅದೂ ಬೈಗುಳದಿಂದ ಶುರುಮಾಡಿ. ಯಂತ್ರಗಳನ್ನೆಲ್ಲ ಹೆಣ್ಣು ಮಾಡಿ ಮಾತಾಡುತ್ತಿದ್ದಳು. "ಮೋಟಾರು ಅಳ್ತಾ ಇದ್ದಾಳೆ, ಎಣ್ಣೆ ಕೊಡ್ಬೇಕು" ಎಂದರೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಿದ್ದಲು ಮಾತ್ರ ಹೋಗುತ್ತಿರಲಿಲ್ಲ.

ಅಣ್ಣ ಹೃದಯ ನಿಂತು ತೀರಿಕೊಂಡ ಮೇಲೆ, ಗಂಡನಿಂದ ಬಂದಿದ್ದ ವಾಸದ ಹಕ್ಕು ಅವನ ಜೊತೆಗೇ ಹೋಯಿತು. ಉಳಿದದ್ದು ಕಾರ್ಖಾನೆ ಕೊಡಿಸಿದ ಪರವಾನಗಿ. ಆಮೇಲೆ ಕಾರ್ಖಾನೆಯ ಬಾಗಿಲುಗಳನ್ನು ಕೊಳ್ಳುತ್ತಿದ್ದ ಒಬ್ಬನೇ ಗಿರಾಕಿ ಬೇರೆ ಕಡೆ ಕೊಳ್ಳತೊಡಗಿದ. ಕಾರ್ಖಾನೆಗೆ ಬೀಗ ಬಿತ್ತು. ಊರಿಗೆ ಊರೇ ಮಂಕು ಬಡಿದಂತೆ ಕೂತಿತು.

ಅತ್ತಿಗೆ ಕೂರಲಿಲ್ಲ. ಕೆಲಸ ಹೋದ ಬೆಸುಗೆಯವನನ್ನೂ ಇನ್ನಿಬ್ಬರನ್ನೂ ಸೇರಿಸಿಕೊಂಡು, ಕಾರ್ಖಾನೆಯ ಹಿಂದಿನ ಪಾಳು ಶೆಡ್ಡಿನಲ್ಲಿ ಒಂದು ಪೆಟ್ಟಿಗೆ ಮಾಡಿದಳು. ಕರೆಂಟಿಲ್ಲದೆ ದಿನಗಟ್ಟಲೆ ಔಷಧವನ್ನು ತಣ್ಣಗಿಡುವ, ಒಬ್ಬ ನರ್ಸ್ ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ಪೆಟ್ಟಿಗೆ. ಜಿಲ್ಲೆಯ ಆಸ್ಪತ್ರೆಯವರು ಬಂದು ನೋಡಿ, "ನೋಂದಾಯಿತ ಉದ್ಯಮ ಅಂತ ಇದ್ರೆ ನಾಳೆಯೇ ತಗೋತೀವಿ" ಎಂದರು.

"ನನ್ನ ಹೆಸರಲ್ಲಿ ನೋಂದಾಯಿಸ್ರೇ" ಎಂದಳು ಅಮ್ಮ, ಊಟಕ್ಕೆ ಕೂತಾಗ. "ಈ ವಯಸ್ಸಲ್ಲಿ ನಾನೂ ಸ್ವಲ್ಪ ಮಾಲೀಕಳಾಗ್ತೀನಿ."

"ಹೆಸರು ನಿಂದಾದ್ರೂ ಕೆಲಸ ಅವಳೇ ತಾನೇ ಮಾಡಬೇಕು? ಪರವಾನಗಿ ಇರೋದು ಮುಚ್ಚಿರೋ ಕಾರ್ಖಾನೆಗೆ. ಅಲ್ಲಿ ಒಂದು ಮೊಳೆ ಹೊಡೆದ್ರೂ ತಪ್ಪೇ" ಎಂದಳು ಅಲ್ಪವಿರಾಮ.

"ಹಾಗಾದ್ರೆ ಕಾನೂನು ಬದಲಾಯ್ಸು. ಅದೇ ತಾನೇ ನಿನ್ನ ಕೆಲಸ?"

ಅತ್ತಿಗೆ ನಕ್ಕಳು. ಅಲ್ಪವಿರಾಮಳೂ ನಕ್ಕಳು. ಆದರೆ ಆಮೇಲೆ ಅವಳು ಕಣ್ಣಲ್ಲಿ ಕಣ್ಣಿಟ್ಟು ಒಂದು ಕಲಮು ಬರೆದಳು: ಹೊಸ ಅವಕಾಶ ಇನ್ನು ಮುಂದೆ ಮೊದಲ ಸಲ ಬರುವವರಿಗಷ್ಟೇ ಅಲ್ಲ, ದೇಶದಲ್ಲಿ ಈಗಾಗಲೇ ಇರುವವರಿಗೂ ಅನ್ವಯಿಸುತ್ತದೆ. ಅತ್ತಿಗೆಯ ವಿಷಯ ಇಲಾಖೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಸಂಬಂಧಿಕರಿಗಾಗಿ ಕಾನೂನು ಬರೆಯುತ್ತಿದ್ದಾಳೆಂದು ಕರಡನ್ನೇ ಕಿತ್ತುಕೊಳ್ಳುತ್ತಿದ್ದರು.

ಕೊನೆಯ ಸಭೆ ಉದ್ದನೆಯ ಮೇಜಿನ ಕೋಣೆಯಲ್ಲಿ ನಡೆಯಿತು. ಎಲ್ಲ ಕಲಮುಗಳೂ ಸರಾಗವಾಗಿ ದಾಟಿದವು. ಇದೊಂದರ ಹತ್ತಿರ ಬಂದಾಗ ಕಾರ್ಮಿಕ ಸಂಘದ ಮುಖಂಡ ಕನ್ನಡಕ ತೆಗೆದು ಕೆಳಗಿಟ್ಟ.

"ಕಾರ್ಖಾನೆ ಮುಚ್ಚಿ ನಮ್ಮೋರು ಮನೇಲಿ ಕೂತಿದ್ದಾರೆ. ಈಗ ಇರೋ ಹೊರಗಿನವರಿಗೆ ಅಂಗಡಿ ತೆಗೆಯೋಕೆ ಬಿಟ್ಟಿದ್ದೀನಿ ಅಂತ ನಾನು ಅವರ ಮುಂದೆ ಹೋಗಿ ನಿಂತ್ಕೊಳ್ಲಾ?"

"ಹೊರಗಿನವರು ತೆಗೆದ ಕಡೆ ನಿಮ್ಮೋರಿಗೇ ಕೆಲಸ ಸಿಗುತ್ತೆ ಸರ್" ಎಂದಳು ಅಲ್ಪವಿರಾಮ.

"ಸಿಗುತ್ತೆ ಅನ್ನೋದು ಬೇರೆ, ಸಿಕ್ಕಿದೆ ಅನ್ನೋದು ಬೇರೆ. ಅಂಥೋರು ಒಬ್ಬರನ್ನಾದ್ರೂ ಕಣ್ಣಾರೆ ನೋಡಿದ್ದೀರಾ ತಾಯಿ? ಹೇಳಿ. ನಾನು ಬಂದು ನೋಡ್ತೀನಿ. ಇದ್ರೆ ಒಪ್ಕೋತೀನಿ."

ಆ ಮನುಷ್ಯ ಕುಹಕಕ್ಕೆ ಕೇಳಿರಲಿಲ್ಲ. ನಿಜವಾಗಿಯೂ ಕೇಳಿದ್ದ. ಅವಳ ನಾಲಿಗೆಯ ತುದಿಯಲ್ಲಿ ಶೆಡ್ಡಿತ್ತು, ಬೆಸುಗೆಯವನಿದ್ದ, ಪೆಟ್ಟಿಗೆಯಿತ್ತು. ಪಕ್ಕದಲ್ಲೇ ಇಲಾಖೆಯ ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದ. ಶೆಡ್ಡು ಯಾರದೆಂದು ಕೇಳಿದರೆ? ಪರವಾನಗಿ ಇಲ್ಲದೆ ಕೆಲಸ ನಡೆಯುತ್ತಿದೆಯೇ ಎಂದರೆ? ಅವಳು ನಿನಗೇನಾಗಬೇಕು ಎಂದರೆ?

"ವರದಿಗಳಲ್ಲಿದೆ ಸರ್" ಎಂದಳು.

"ವರದೀಲಿ ಏನು ತಾನೇ ಇರಲ್ಲ" ಎಂದು ಅವನು ಕನ್ನಡಕ ಹಾಕಿಕೊಂಡ.

ಕಾರ್ಯದರ್ಶಿ ಅವಳತ್ತ ಬಾಗಿ ಮೆಲ್ಲಗೆ ಹೇಳಿದ, "ಇದೊಂದು ಬಿಟ್ಟರೆ ಮಿಕ್ಕಿದ್ದು ಪಾಸಾಗುತ್ತಮ್ಮ. ಈಗಾಗಲೇ ಇರುವವರದ್ದು ಮುಂದಿನ ವರ್ಷ ನೋಡೋಣ." ಪೂರ್ತಿ ಮುಳುಗುವುದಕ್ಕಿಂತ ಅರ್ಧ ದಡ ಸೇರಿದರೂ ಸಾಕೆಂದು ಅವಳು ತನಗೆ ತಾನೇ ಹೇಳಿಕೊಂಡಳು. ತಲೆಯಾಡಿಸಿದಳು. ತಾನೇ ಬರೆದ ಸಾಲಿನ ಮೇಲೆ ತನ್ನ ಕೈಯಿಂದಲೇ ಗೀಟು ಎಳೆದಳು.

ಮನೆಗೆ ಬಂದಾಗ ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಉಗುರಿನ ಸಂದಿನ ಅಂಟು ಕೆರೆಯುತ್ತಿದ್ದಳು. ಅಲ್ಪವಿರಾಮ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಮುಖಂಡ ಕೇಳಿದ ಪ್ರಶ್ನೆಯನ್ನೂ ಮುಚ್ಚಿಡಲಿಲ್ಲ.

"ನನ್ನ ಹೆಸರು ಹೇಳಿದ್ಯಾ?"

"ಇಲ್ಲ."

ಅತ್ತಿಗೆ ಇನ್ನೊಂದು ಉಗುರಿನ ಅಂಟು ಕೆರೆದಳು. "ಒಳ್ಳೇದೇ ಮಾಡ್ದೆ. ನಿನ್ನ ಕೆಲಸಾನೂ ಹೋದ್ರೆ ಅತ್ತೇನ ಯಾರು ನೋಡ್ಕೋತಾರೆ?"

ಬೈದಿದ್ದರೆ ಅಲ್ಪವಿರಾಮ ತಡೆದುಕೊಳ್ಳುತ್ತಿದ್ದಳು. ಈ ಮಾತು ಎದೆಗೆ ನಾಟಿತು.

"ಮುಂದಿನ ವರ್ಷ ಮತ್ತೆ ಸೇರಿಸ್ತಾರಂತೆ ಅತ್ತಿಗೆ."

"ಮುಂದಿನ ವರ್ಷ ನಾನು ಈಗಾಗಲೇ ಇರೋಳಲ್ಲ ಕಣೇ. ಇಲ್ಲದೇ ಇರೋಳು."

ಪರವಾನಗಿಯ ಗಡುವು ಮುಗಿಯುವ ಮೊದಲೇ ಅವಳು ಹೊರಟಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಮೂರನೆಯದೊಂದು ದೇಶದಲ್ಲಿ, ಹಡಗುಗಳ ಶೀತಲಕೋಣೆ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಸಣ್ಣ ಕೆಲಸ ಸಿಕ್ಕಿತ್ತು. ಅಮ್ಮ ಸೂಟ್‌ಕೇಸಿಗೆ ಬಟ್ಟೆ ಮಡಚಿ ಇಡುತ್ತ, ತೆಗೆಯುತ್ತ, ಮತ್ತೆ ಮಡಚುತ್ತ ಇದ್ದಳು. "ಮಗ ಹೋದಾಗ ಇವಳು ಇದ್ದಾಳಲ್ಲ ಅಂದ್ಕೊಂಡೆ" ಎಂದಳು. ಯಾರನ್ನೂ ನೋಡಿ ಹೇಳಲಿಲ್ಲ.

ಶೆಡ್ಡಿನವರು ಕೈಬಿಡಲಿಲ್ಲ. ಬೆಸುಗೆಯವನು ತನ್ನ ಹೆಸರಲ್ಲೇ ಉದ್ಯಮ ನೋಂದಾಯಿಸಿದ. ಆದರೆ ಅವರು ಮಾಡಿದ ಪೆಟ್ಟಿಗೆಗಳ ಮುಚ್ಚಳದ ಅಂಚಿನಲ್ಲಿ ಎಲ್ಲೋ ಗಾಳಿ ಸೇರುತ್ತಿತ್ತು. ಫೋನಿನಲ್ಲಿ ಅತ್ತಿಗೆ ಹೇಳಿಕೊಟ್ಟದ್ದನ್ನು ಇವರು ಮಾಡಿದರು, ಮತ್ತೆ ಗಾಳಿ ಸೇರಿತು. ಒಮ್ಮೆ ಕೈಯಿಂದ ಮುಟ್ಟಿ ನೋಡಿದ್ದರೆ ಅವಳಿಗೆ ತಿಳಿಯುತ್ತಿತ್ತೇನೋ. ಅಷ್ಟರಲ್ಲಿ ಅವಳ ಹೊಸ ಮಾಲೀಕ ಬೇರೆಯವರಿಗೆ ಸಲಹೆ ಕೊಡಬಾರದೆಂದು ಕಟ್ಟಪ್ಪಣೆ ಮಾಡಿದ. ಆಸ್ಪತ್ರೆಯವರು ಕಾದು ಕಾದು ಸುಮ್ಮನಾದರು.

ಮುಂದಿನ ವರ್ಷ ಬರುವಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಕಾರ್ಯದರ್ಶಿಗೆ ವರ್ಗವಾಗಿತ್ತು. ಜಾರಿಗೆ ಬಂದಿದ್ದ ಕಾನೂನಿನಡಿ ಹೊಸದಾಗಿ ಯಾರೂ ಬರಲೂ ಇಲ್ಲ. ಗುರುತು ಪರಿಚಯವಿಲ್ಲದ ದೇಶಕ್ಕೆ ಬಂದಿಳಿದ ದಿನವೇ ಉದ್ಯಮ ತೆಗೆಯುವ ಎದೆಗಾರಿಕೆ ಯಾರಿಗಿರುತ್ತದೆ? 'ಸ್ಪಂದನೆ ಇಲ್ಲದ ಕಾರಣ ರದ್ದತಿಗೆ ಪರಿಶೀಲಿಸಿ' ಎಂಬ ಟಿಪ್ಪಣಿಯೊಂದಿಗೆ ಕಡತ ಮತ್ತೆ ಅವಳ ಮೇಜಿಗೇ ಬಂತು. ಇಂಥದ್ದನ್ನು ಬರೆಯಲು ಅವಳಷ್ಟು ಅಚ್ಚುಕಟ್ಟಾದವರು ಇನ್ನಾರೂ ಇಲ್ಲವಂತೆ.

ರದ್ದತಿಯ ಕರಡು ಬರೆದುಕೊಟ್ಟಳು. ಎಲ್ಲಿಯೂ ಜಗಳವಾಡಲಿಲ್ಲ.

ಅದೇ ವಾರ ನಿಲ್ದಾಣದಿಂದ ಮನೆಗೆ ನಡೆದು ಬರುವಾಗ ಬೆಸುಗೆಯವನು ಎದುರಾದ. ಈಗ ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಿದ್ದ. ಬೆನ್ನಿಗೆ ಕಂಪನಿಯ ದೊಡ್ಡ ಚೀಲ ನೇತಾಡುತ್ತಿತ್ತು.

"ಮೇಡಂ, ಹೊರಗಿನವರಿಗೆ ಏನೋ ಹೊಸ ಕಾನೂನು ಬಂದಿದೆಯಂತಲ್ಲ? ಅಕ್ಕ ವಾಪಸ್ ಬರಬಹುದಾ?"

ಅವಳು ಬಾಯಿ ತೆರೆದಳು. ಕಾನೂನಿನ ಭಾಷೆಯಲ್ಲಿ ಉತ್ತರ ಸಿದ್ಧವಿತ್ತು. ಮನುಷ್ಯರ ಭಾಷೆಯಲ್ಲಿ ಹುಡುಕುತ್ತಿದ್ದಳು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. "ಲೇಟಾದ್ರೆ ಬಯ್ತಾರೆ" ಎಂದು ನಾಚಿಕೊಂಡವನಂತೆ ನಕ್ಕು ಬೈಕಿನ ಕಿಕ್ಕರ್ ಒದ್ದು ಹೊರಟ. ಅವಳು ಮನೆಯ ಕಡೆ ನಡೆದಳು.