ಷಡ್ಡಕನ ರೆಸಿಸ್ಟರ್

"ನಿಲ್ಸಿ ಅತ್ಲಾಗೆ! ಕಿವಿಗೆ ಸೂಜಿ ಚುಚ್ದಂಗಾಯ್ತದೆ" ಎಂದು ಯಶೋದಮ್ಮ ಅಡುಗೆಮನೆಯಿಂದ ಕೂಗಿದಳು.

ಚಲುವರಾಜು ಹಾಡು ನಿಲ್ಲಿಸಲಿಲ್ಲ. ತಾನೇ ಪ್ಲೈವುಡ್ ಕೊಯ್ದು, ಅಂಟು ಹಾಕಿ, ಉಜ್ಜಿ, ಪಾಲಿಶ್ ಬಳಿದು ಎರಡು ತಿಂಗಳಲ್ಲಿ ಎಬ್ಬಿಸಿದ ಜೋಡಿ ಸ್ಪೀಕರ್ ಪೆಟ್ಟಿಗೆ ಅದು. ಕೆಳಗೆ ದಪ್ಪ ಸದ್ದಿಗೆ ಅಗಲವಾದ ಊಫರ್, ಮೇಲೆ ಸಣ್ಣ ಸದ್ದಿಗೆ ಬೆಳ್ಳಿ ಬಣ್ಣದ ಟ್ವೀಟರ್. ಬೆಸಗರಹಳ್ಳಿಯಲ್ಲಿ ಇಂಥದ್ದನ್ನು ಬೇರೆ ಯಾರು ಮಾಡಿದ್ದರು? ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಮೋಟಾರು ನೋಡಿಕೊಂಡವನು, ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದವನು. ಅಂಥವನ ಕಿವಿಗೆ ಚುಚ್ಚದ್ದು ಇವಳಿಗೆ ಚುಚ್ಚುತ್ತದಂತೆ!

"ಎಲ್ಲಿ ಚುಚ್ತದೆ? ನಂಗೇನೂ ಚುಚ್ಚಾಕಿಲ್ವಲ್ಲ?"

"ಒಂದೊಂದ್ ‘ಸ’ ಅಂದಾಗ್ಲೂ ಒಗ್ಗರಣೆ ಸಿಡ್ದಂಗಾಯ್ತದೆ. ನಾಗಯ್ಯನ ಪೆಟ್ಗೆ ಒಂದ್ಸಲ ಕೇಳಿ, ಗೊತ್ತಾಯ್ತದೆ. ಎಷ್ಟು ಇಂಪಾಗದೆ!"

ಅಲ್ಲಿಗೆ ಬಂತು ನೋಡಿ. ಮಾತು ಎಲ್ಲಿಂದ ಹೊರಟರೂ ಕಡೆಗೆ ಮಳವಳ್ಳಿಯ ನಾಗಯ್ಯನ ಬಾಗಿಲಿಗೇ ಹೋಗಿ ನಿಲ್ಲಬೇಕು. ನಾಗಯ್ಯ ಯಶೋದಮ್ಮನ ತಂಗಿಯ ಗಂಡ, ಚಲುವರಾಜುವಿನ ಷಡ್ಡಕ. ಬಸ್ ಸ್ಟ್ಯಾಂಡಿನ ಹತ್ತಿರ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಹೋದ ಯುಗಾದಿಗೆ ಬಂದವನು, ಚಲುವರಾಜು ಎರಡು ಸಲ ಬಿಚ್ಚಿ ಸೋತಿದ್ದ ಮಿಕ್ಸಿಯನ್ನು ಹತ್ತೇ ನಿಮಿಷದಲ್ಲಿ ಸರಿ ಮಾಡಿ ಕೈತೊಳೆದುಕೊಂಡಿದ್ದ. ಅವತ್ತಿನಿಂದ ಚಲುವರಾಜುವಿಗೆ ಮನೆಯ ಚಟ್ನಿ ರುಚಿಸಿರಲಿಲ್ಲ. ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರು ಯಾಕೆ?

ಈಗ ಅದು ಉರಿಯಲು ಇನ್ನೊಂದು ಕಾರಣವಿತ್ತು. ಹಲಗೂರಿನಲ್ಲಿರುವ ಮಾವ ದೊಡ್ಡಸಿದ್ದಯ್ಯ ಒಂದು ಕಾಲಕ್ಕೆ ಸುತ್ತೇಳು ಹಳ್ಳಿಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು. ಈಗ ಎಂಬತ್ತನಾಲ್ಕು ವರ್ಷ. ಅವರ ನಾಟಕದ ಹಳೇ ಕ್ಯಾಸೆಟ್ಟೊಂದನ್ನು ನಾಗಯ್ಯನ ಮಗಳು ದೀಪಿಕ ಪೆನ್‌ಡ್ರೈವಿಗೆ ಹಾಕಿಸಿದ್ದಳು. ಅದನ್ನು ಕೇಳಲು ಪೆಟ್ಟಿಗೆ ನಾನು ಕೊಡುತ್ತೇನೆ ಎಂದು ನಾಗಯ್ಯ ಅಂದ, ನಾನು ಕೊಡುತ್ತೇನೆ ಎಂದು ಚಲುವರಾಜು ಅಂದ. ಮಾವ ನಕ್ಕು, "ಭಾನ್ವಾರ ಇಬ್ರೂವೆ ತಕಬನ್ನಿ. ಯಾವ್ದು ನನ್ ಕಿವಿಗೆ ಒಪ್ತದೋ ಅದು ನಮ್ ಪಡಸಾಲೇಲಿ ಇರ್ಲಿ" ಎಂದುಬಿಟ್ಟಿದ್ದರು. ಮಾವನ ಪಡಸಾಲೆಯಲ್ಲಿ ನಾಗಯ್ಯನ ಪೆಟ್ಟಿಗೆ ಕೂತರೆ ಪ್ರತಿ ಹಬ್ಬಕ್ಕೂ ಅದರ ಮುಂದೆ ಎಲೆ ಹಾಸಿಕೊಂಡು ಉಣ್ಣಬೇಕಲ್ಲ! ಅದನ್ನು ನೆನೆದೇ ಚಲುವರಾಜುವಿಗೆ ಅನ್ನ ಇಳಿಯುತ್ತಿರಲಿಲ್ಲ.

ಗುರುವಾರ ಅವನು ಬೆಸುಗೆ ತಂತಿ ಬೇಕೆಂಬ ನೆಪ ಮಾಡಿಕೊಂಡು ಮಳವಳ್ಳಿಗೆ ಹೋದ. ನಾಗಯ್ಯ ಚಹಾ ತರಿಸಿ, ಕೇಳುವ ಮೊದಲೇ ತನ್ನ ಪೆಟ್ಟಿಗೆಯ ಹಿಂಬದಿ ಬಿಚ್ಚಿ ತೋರಿಸಿದ. ಟ್ವೀಟರಿಗೆ ಹೋಗುವ ತಂತಿಯ ನಡುವೆ ಕಿರುಬೆರಳಷ್ಟು ಉದ್ದದ ಬಿಳಿ ರೆಸಿಸ್ಟರ್ ಕೂತಿತ್ತು.

"ಈ ಟ್ವೀಟರ್‌ಗಳು ಬಲೇ ಚುರುಕು ಚಲುವಣ್ಣ. ಇದೊಂದ ಅಡ್ಡ ಆಕುದ್ರೆ ಅವುಗಳ ಜೋರು ತಗ್ತದೆ. ನಿಂಗೂ ಎರಡು ಕೊಡ್ಲಾ?"

"ನಂಗ್ಯಾಕೆ? ಬ್ಯಾಡ ಬುಡು."

ನಾಗಯ್ಯ ಒಂದು ಹಾಡು ಹಾಕಿದ. ಚಲುವರಾಜು ಕಿವಿಗೊಟ್ಟು ಕೇಳಿದ. ಅಯ್ಯೋ, ಇದೇನಾ ಇಂಪು? ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆಯಲ್ಲ! ಗೆದ್ದೆ ಎಂದುಕೊಂಡ. ಆ ಖುಷಿಗೆ ಮದ್ದೂರಿನಲ್ಲಿ ಬಸ್ಸಿಳಿದು ನಾಲ್ಕು ವಡೆ ಕಟ್ಟಿಸಿಕೊಂಡು ಮನೆಗೆ ಬಂದ.

"ಏನಿವತ್ತು ಇಸೇಸ?" ಎಂದಳು ಯಶೋದಮ್ಮ.

"ಸುಮ್ಕೆ ತಿನ್ನು."

ಭಾನುವಾರ ಹಲಗೂರಿನ ಪಡಸಾಲೆಯಲ್ಲಿ ನಾಲ್ಕು ಪೆಟ್ಟಿಗೆಗಳು ಸಾಲಾಗಿ ನಿಂತವು. ಮೊದಲು ನಾಗಯ್ಯನ ಸರದಿ. ಹಾರ್ಮೋನಿಯಂ ಶುರುವಾಯಿತು, ಅದರ ಮೇಲೆ ಪ್ರಾಯದ ದೊಡ್ಡಸಿದ್ದಯ್ಯನವರ ದನಿ ಏರಿತು. ಯಶೋದಮ್ಮ ಕಣ್ಣುಮುಚ್ಚಿ ಗೋಡೆಗೆ ಒರಗಿದಳು. ಅವಳ ತಂಗಿ ಬಿಡಿಸುತ್ತಿದ್ದ ಅವರೆಕಾಯಿ ಮಡಿಲಲ್ಲೇ ಉಳಿಯಿತು. ಹೆಂಡತಿಯ ಮುಖದ ಮೇಲಿನ ಆ ನೆಮ್ಮದಿ ಕಂಡು ಚಲುವರಾಜುವಿಗೆ ಎದೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ತನ್ನ ಪೆಟ್ಟಿಗೆಯ ಮುಂದೆ ಅವಳು ಒಂದು ದಿನವೂ ಹೀಗೆ ಕೂತವಳಲ್ಲ.

ಮಾವ ಮಾತ್ರ ಕಿವಿಗೆ ಕೈ ಆನಿಸಿಕೊಂಡು ಕೂತಿದ್ದರು. "ಚೆನ್ನಾಗದೆ" ಎಂದರು, ಅಷ್ಟೆ.

ಚಲುವರಾಜು ತಂತಿ ಬದಲಿಸಿ ತನ್ನ ಪೆಟ್ಟಿಗೆಗೆ ಕೊಟ್ಟ. ಅದೇ ಹಾರ್ಮೋನಿಯಂ, ಅದೇ ದನಿ. ಎರಡನೇ ಸಾಲಿಗೆ ಮಾವನ ಬೆರಳು ಕುರ್ಚಿಯ ತೋಳಿನ ಮೇಲೆ ಆಡತೊಡಗಿತು. ಆಮೇಲೆ ಅವರು ಮುಂದಕ್ಕೆ ಬಾಗಿ, "ಮರಿಸಿದ್ದಯ್ಯ!" ಎಂದರು. ಕಣ್ಣಲ್ಲಿ ನೀರು ತುಂಬಿತ್ತು. "ನಮ್ ಮರಿಸಿದ್ದಯ್ಯನ ತಾಳ ಕಣ್ರಪ್ಪಾ! ನಾಟಕದಲ್ಲಿ ನನ್ ಪಕ್ಕ ಕೂತು ಕಂಚಿನ ತಾಳ ಆಕ್ತಿದ್ದೋನು, ಸತ್ತು ಇಪ್ಪತ್ ವರ್ಸ ಆಯ್ತು. ಇದ್ರಲ್ಲಿ ಕೇಳುಸ್ತು ನೋಡು. ಇದೇ ಇರ್ಲಿ ನಂಗೆ."

ಗೆದ್ದ! ಚಲುವರಾಜು ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ.

ಯಶೋದಮ್ಮ ಸೆರಗನ್ನು ಎರಡೂ ಕಿವಿಗೆ ಒತ್ತಿಕೊಂಡಿದ್ದಳು. ದೀಪಿಕ ಕಿವಿಯಲ್ಲಿ ಬೆರಳಿಟ್ಟುಕೊಂಡು, "ದೊಡ್ಡಪ್ಪ, ವಸಿ ಕಮ್ಮಿ ಮಾಡಿ" ಎಂದಳು. ಅವಳ ತಾಯಿ ಅವರೆಕಾಯಿ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿಯಾಗಿತ್ತು. ನಾಗಯ್ಯ ಒಬ್ಬನೇ ಮರ್ಯಾದೆಗೆ ಕೂತಿದ್ದ. ತಾಳ ಬಿದ್ದಾಗಲೆಲ್ಲ ಅವನ ಕಣ್ಣು ಕಿರಿದಾಗುತ್ತಿತ್ತು.

"ನಾಗಯ್ಯನ್ದು ಕಂಬ್ಳಿ ಒದ್ಕಂಡು ಆಡ್ದಂಗಿತ್ತು" ಎಂದರು ಮಾವ. "ನಂಗೆ ಕಿವಿ ಓಗದೆ ಕಣಪ್ಪ ಚಲುವ. ದಪ್ಪನೆ ಸದ್ದು ಕೇಳ್ತದೆ, ಸಣ್ಣವು ಒಂದೂ ಕೇಳಾಕಿಲ್ಲ. ಜೀರುಂಡೆ ಕೇಳಿ ಎಷ್ಟು ವರ್ಸ ಆಯ್ತೋ."

ಕಂಬಳಿಯ ಮಾತನ್ನು ಚಲುವರಾಜು ಯಾರಿಗೂ ಹೇಳಿರಲಿಲ್ಲ. ಜೀರುಂಡೆ? ಗದ್ದೆಗಳಿಗೆ ಔಷಧಿ ಹೊಡೆದು ಹೊಡೆದು ಅವೆಲ್ಲ ಸತ್ತುಹೋದವು ಎಂದು ಅವನು ನಾಲ್ಕೈದು ವರ್ಷದಿಂದ ಊರಿನವರಿಗೆಲ್ಲ ಹೇಳಿಕೊಂಡು ಬಂದಿದ್ದ. ಹಾಡು ನಿಲ್ಲಿಸಿ, ನೀರು ಕುಡಿಯುವವನಂತೆ ಅಡುಗೆಮನೆಗೆ ಹೋದ. ಯಶೋದಮ್ಮ ಹಿಂದೆಯೇ ಬಂದಳು.

"ನಮ್ ಮನೆ ಇತ್ಲಲ್ಲಿ ಜೀರುಂಡೆ ಕೂಗ್ತವಾ?" ಎಂದ ಮೆಲ್ಲಗೆ.

"ದಿನಾ ಸಂಜೆ ಬಡ್ಕತವಲ್ಲ. ತಲೆ ಚಿಟ್ ಇಡಿತದೆ. ಯಾಕೆ?"

"ಏನಿಲ್ಲ."

ಅವಳು ಅವನ ಮುಖ ನೋಡಿದಳು. ಇನ್ನೊಂದು ಲೋಟ ನೀರು ಬಗ್ಗಿಸಿ ಕೊಟ್ಟಳು.

ಊಟವಾದ ಮೇಲೆ ಚಲುವರಾಜು ಜಗಲಿಗೆ ಬಂದು ನಾಗಯ್ಯನ ಪಕ್ಕ ಕೂತ. ಗೆದ್ದವನು ಹೋಗಿ ಸೋತವನ ಮುಂದೆ ಕೈಚಾಚಬೇಕೆಂದರೆ ಹೇಗಿರುತ್ತದೆ?

"ನಿನ್ತಾವ ಆ ರೆಸಿಸ್ಟರ್ ಇನ್ನೊಂದದಾ?"

ನಾಗಯ್ಯ ಅಂಗಿಯ ಜೇಬಿಗೆ ಕೈ ಹಾಕಿದ. ಕಾಗದದಲ್ಲಿ ಸುತ್ತಿ ಎರಡನ್ನೂ ತಂದಿದ್ದ. ಪುಣ್ಯಾತ್ಮ, ತಂದೇ ಬಂದಿದ್ದ! ಅದು ಮಿಕ್ಸಿಗಿಂತ ಹೆಚ್ಚು ಉರಿಯಿತು.

"ಎರಡು ಬ್ಯಾಡ. ಒಂದು ಸಾಕು" ಎಂದ ಚಲುವರಾಜು. "ಮಾವನ ಪಕ್ಕಕ್ಕೆ ಇಡೋದು ಅಂಗೇ ಇರ್ಲಿ. ತಾಳ ಕೇಳ್ಬೇಕಲ್ಲ ಅವ್ರಿಗೆ."

ಇಬ್ಬರೂ ಸೇರಿ ಒಂದು ಪೆಟ್ಟಿಗೆಯ ಹಿಂಬದಿ ಬಿಚ್ಚಿದರು. ಚಲುವರಾಜು ತಂತಿ ಕತ್ತರಿಸಿ ಹಿಡಿದುಕೊಂಡ, ನಾಗಯ್ಯ ತನ್ನ ಚೀಲದಲ್ಲಿದ್ದ ಬೆಸುಗೆ ಕಡ್ಡಿ ಕಾಯಿಸಿ ಬೆಸುಗೆ ಹಾಕಿದ. "ನೀನೇ ಕೇಳಿ ಏಳು, ಸರಿ ಆಯ್ತಾ ಅಂತ" ಎಂದ ಚಲುವರಾಜು. ನಾಗಯ್ಯ ಕೇಳಿ ತಲೆಯಾಡಿಸಿದ. ಇನ್ನೊಂದು ಪೆಟ್ಟಿಗೆಯನ್ನು ಪಡಸಾಲೆಯ ಆ ತುದಿಯಲ್ಲಿ ಮಾವನ ಕುರ್ಚಿಗೆ ಒತ್ತಿಸಿ, ಅವರ ಕಡೆಗೆ ಮುಖ ಮಾಡಿ, ಸದ್ದು ತಗ್ಗಿಸಿ ಇಟ್ಟರು. ರೆಸಿಸ್ಟರ್ ಹಾಕಿದ್ದನ್ನು ಈ ತುದಿಯಲ್ಲಿ, ಹೆಂಗಸರು ಕೂರುವ ಕಡೆ ನಿಲ್ಲಿಸಿದರು.

ಮತ್ತೆ ಹಾಡು ಹಾಕಿದಾಗ ಚಲುವರಾಜು ಈ ತುದಿಯಲ್ಲಿ ಒಂದು ಗಳಿಗೆ ನಿಂತು ಕೇಳಿದ. ಅವನ ಕಿವಿಗೆ ಅದೇ ಕಂಬಳಿ ಹೊದ್ದ ದನಿ. ಆಮೇಲೆ ನಡೆದುಹೋಗಿ ಮಾವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಅಲ್ಲಿ ಮರಿಸಿದ್ದಯ್ಯನ ತಾಳ ಟಿಂಗ್ ಟಿಂಗ್ ಎಂದು ಬೀಳುತ್ತಿತ್ತು. ಮಾವ ಅವನ ಹೆಗಲ ಮೇಲೆ ಬೆರಳಲ್ಲಿ ಲೆಕ್ಕ ಹಾಕುತ್ತಿದ್ದರು.

ಪಡಸಾಲೆಯ ಆಚೆ ತುದಿಯಲ್ಲಿ ಯಶೋದಮ್ಮನ ಸೆರಗು ಹೆಗಲಿಗೆ ಇಳಿದಿತ್ತು. ಅವನು ಮಾಡಿದ ಪೆಟ್ಟಿಗೆಗೆ ಒರಗಿ, ಕಣ್ಣುಮುಚ್ಚಿ, ಅವಳು ಮೆಲ್ಲಗೆ ತಲೆದೂಗುತ್ತಿದ್ದಳು. ನಾಗಯ್ಯ ಬೆಸುಗೆ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸುತ್ತ ಅವಳ ಹತ್ತಿರ ನಿಂತಿದ್ದ.